ಹಲ್ಲಿಗೂ ಬೇಕು ವೇಳಾಪಟ್ಟಿ

ಜೂನ್ ಬಂತೆಂದರೆ ಮನೆಮನೆಯಲ್ಲೂ ಸಮವಸ್ತ್ರ, ನೋಟ್‌ಬುಕ್, ಬ್ಯಾಗು, ಬೂಟುಗಳ ಲೆಕ್ಕ ಶುರುವಾಗುತ್ತದೆ. ಮಗುವಿನ ಹಲ್ಲು ಆ ಲೆಕ್ಕದಲ್ಲಿ ಸೇರುವುದು ಅಪರೂಪ. ಕೆನ್ನೆ ಊದಿ ಮಗು ರಾತ್ರಿಯಿಡೀ ಅತ್ತ ಮೇಲೆಯೇ ಹಲ್ಲಿನ ನೆನಪಾಗುವುದು. ಆಗಲೂ ಒಂದು ಮಾತ್ರೆ ನುಂಗಿಸಿ, ಲವಂಗ ಕಚ್ಚಿಸಿ, ‘ಪರೀಕ್ಷೆ ಮುಗಿಯಲಿ, ರಜೆಯಲ್ಲಿ ತೋರಿಸೋಣ’ ಎಂದು ಮುಂದೂಡುವವರೇ ಹೆಚ್ಚು. ಇದು ಎಲ್ಲೋ ಒಂದೆರಡು ಮನೆಗಳ ಪಾಡಲ್ಲ. 2002-03ರಲ್ಲಿ ಭಾರತೀಯ ದಂತ ವೈದ್ಯ ಪರಿಷತ್ತು ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲೂ ಹನ್ನೆರಡು ವರ್ಷದ ಮಕ್ಕಳಲ್ಲೂ ಸುಮಾರು ಅರ್ಧದಷ್ಟು ಮಂದಿಗೆ ಹುಳುಕು ಹಲ್ಲು ಕಂಡುಬಂದಿತ್ತು. ಜಗತ್ತಿನಲ್ಲಿ ಹಾಲುಹಲ್ಲು ಹುಳುಕಾದ ಮಕ್ಕಳು 51 ಕೋಟಿಗೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಅಂದಾಜು ಮಾಡಿದೆ. ಇಷ್ಟು ವ್ಯಾಪಕವಾದ ಕಾಯಿಲೆಗೆ ನಾವು ಕೊಡುವ ಕಾರಣ ಸಾಮಾನ್ಯವಾಗಿ ಎರಡೇ: ಮಗು ಸಿಹಿ ಜಾಸ್ತಿ ತಿನ್ನುತ್ತದೆ, ಹಲ್ಲು ಸರಿಯಾಗಿ ಉಜ್ಜುವುದಿಲ್ಲ. ಎರಡರಲ್ಲೂ ತಪ್ಪು ಮಗುವಿನ ತಲೆಗೇ ಬಂತು. ಆದರೆ ಹಲ್ಲು ಹುಳುಕಾಗುವ ಬಗೆಯನ್ನು ತಿಳಿದುಕೊಂಡರೆ ಈ ಆರೋಪ ನಿಲ್ಲುವುದು ಕಷ್ಟ. ಹಲ್ಲಿನ ಹಣೆಬರಹ ಹೆಚ್ಚಾಗಿ ನಿಂತಿರುವುದು ಹೊತ್ತಿನ ಮೇಲೆ. ದಿನಕ್ಕೆ ಎಷ್ಟು ಸಲ ತಿಂದದ್ದು, ಯಾವ ಹೊತ್ತಿನಲ್ಲಿ ತಿಂದದ್ದು, ಆಮೇಲೆ ಬಾಯಿಗೆ ಎಷ್ಟು ಬಿಡುವು ಸಿಕ್ಕಿತು ಎಂಬುದೇ ಅಲ್ಲಿ ಮುಖ್ಯ. ಶಾಲೆಗೆ ಹೋಗುವ ಮಗುವಿನ ಹೊತ್ತನ್ನು ಗೊತ್ತುಮಾಡುವವರು ದೊಡ್ಡವರು.

ಬಾಯಿಯೊಳಗೆ ಬ್ಯಾಕ್ಟೀರಿಯಾಗಳು ಸದಾ ಇರುತ್ತವೆ. ಹಲ್ಲಿನ ಮೇಲೆ ಅಂಟಿಕೊಳ್ಳುವ ತೆಳ್ಳನೆಯ ಲೋಳೆಯ ಪದರದಲ್ಲಿ, ಅಂದರೆ ದಂತವೈದ್ಯರು ಪ್ಲೇಕ್ ಎನ್ನುವ ಪದರದಲ್ಲಿ, ಅವು ನೆಲೆಸಿರುತ್ತವೆ. ನಾವು ತಿಂದ ಸಕ್ಕರೆ, ಬೆಲ್ಲ, ಬಿಸ್ಕತ್ತಿನ ಹಿಟ್ಟು ಅವುಗಳಿಗೂ ಆಹಾರ. ಅದನ್ನು ಅರಗಿಸಿಕೊಳ್ಳುವಾಗ ಅವು ಆಮ್ಲವನ್ನು ಹೊರಬಿಡುತ್ತವೆ. ಅಮೆರಿಕದ ರಾಬರ್ಟ್ ಸ್ಟೀಫನ್ ಎಂಬ ಸಂಶೋಧಕರು 1940ರ ದಶಕದಲ್ಲಿ ಈ ಆಮ್ಲವನ್ನು ಹಲ್ಲಿನ ಮೇಲೆಯೇ ಅಳೆದು ತೋರಿಸಿದರು. ಸಕ್ಕರೆ ನೀರಿನಿಂದ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಆಮ್ಲೀಯತೆ ಏರಿಬಿಡುತ್ತದೆ. ಅದು ಮೊದಲಿನ ಸ್ಥಿತಿಗೆ ಇಳಿಯಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಪಿಎಚ್ ಮಟ್ಟ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಮೇಲ್ಪದರವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಬರುತ್ತವೆ. ಬಾಯಿ ಸುಮ್ಮನಿದ್ದಾಗ ಜೊಲ್ಲು ಆ ಆಮ್ಲವನ್ನು ತೊಳೆದು, ಕಳೆದುಹೋದ ಖನಿಜವನ್ನು ಮತ್ತೆ ಹಲ್ಲಿಗೆ ಕೂಡಿಸುತ್ತದೆ. ಹೀಗೆ ಹಲ್ಲು ದಿನಕ್ಕೆ ಹಲವು ಸಲ ಕರಗುತ್ತದೆ, ಹಲವು ಸಲ ಗಟ್ಟಿಯಾಗುತ್ತದೆ. ಕರಗುವ ಹೊತ್ತು ಗಟ್ಟಿಯಾಗುವ ಹೊತ್ತಿಗಿಂತ ಜಾಸ್ತಿಯಾಗುತ್ತ ಹೋದರೆ ಕೆಲವು ತಿಂಗಳಲ್ಲಿ ಒಸಡಿನ ಅಂಚಿನಲ್ಲಿ ಸುಣ್ಣದ ಬಣ್ಣದ ಮಚ್ಚೆ ಕಾಣಿಸುತ್ತದೆ. ಆ ಹಂತದಲ್ಲಿ ಎಚ್ಚೆತ್ತರೆ ಹಲ್ಲು ಸರಿಹೋಗುವ ಸಾಧ್ಯತೆ ಇದೆ. ಮೇಲ್ಪದರ ಕುಸಿದು ತೂತಾದ ಮೇಲೆ ಅದು ತಾನಾಗಿ ಮುಚ್ಚುವುದಿಲ್ಲ.

ಸಿಹಿ ತಿಂದ ಪ್ರಮಾಣಕ್ಕಿಂತ ತಿಂದ ಸಲವೇ ಮುಖ್ಯ ಎಂಬುದಕ್ಕೆ ಬಲವಾದ ಪುರಾವೆ ಸಿಕ್ಕಿದ್ದು ಸ್ವೀಡನ್ನಿನಲ್ಲಿ. ಲುಂಡ್ ಪಟ್ಟಣದ ವಿಪೆಹೋಲ್ಮ್ ಎಂಬ ಸಂಸ್ಥೆಯಲ್ಲಿ ಬುದ್ಧಿಮಾಂದ್ಯರನ್ನು ಇರಿಸಿಕೊಂಡಿದ್ದರು. 1940ರ ದಶಕದ ಕೊನೆಯ ಭಾಗದಲ್ಲಿ ಅವರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಊಟದ ಜೊತೆಗೇ ಸಕ್ಕರೆ ಕೊಟ್ಟರು, ಕೆಲವರಿಗೆ ಊಟಗಳ ನಡುವೆ ಹಲ್ಲಿಗೆ ಅಂಟುವ ಟಾಫಿ ಕೊಟ್ಟರು. ಊಟದ ಜೊತೆ ಸಕ್ಕರೆ ತಿಂದವರಲ್ಲಿ ಹುಳುಕು ಹೆಚ್ಚಿದ್ದು ಅಲ್ಪ. ನಡುನಡುವೆ ಟಾಫಿ ತಿಂದವರ ಹಲ್ಲುಗಳು ಬಹುಬೇಗ ಹಾಳಾದವು. ಟಾಫಿ ನಿಲ್ಲಿಸಿದಾಗ ಹಾಳಾಗುವ ವೇಗವೂ ತಗ್ಗಿತು. ಒಪ್ಪಿಗೆ ಕೊಡಲಾರದ ಅಸಹಾಯಕರ ಬಾಯಿ ಕೆಡಿಸಿ ಪಡೆದ ಜ್ಞಾನವಿದು. ಇಂದು ಯಾವ ನೀತಿ ಸಮಿತಿಯೂ ಇಂಥದ್ದಕ್ಕೆ ಅನುಮತಿ ಕೊಡುವುದಿಲ್ಲ, ಕೊಡಲೂ ಬಾರದು. ಆದರೆ ಅದು ಹೊರಗೆಡವಿದ ಸತ್ಯವನ್ನು ಆಮೇಲಿನ ಅಧ್ಯಯನಗಳು ಅಲ್ಲಗಳೆದಿಲ್ಲ. ಇದರ ಫಲವಾಗಿ ಸ್ವೀಡನ್ನಿನಲ್ಲಿ ಮಕ್ಕಳಿಗೆ ವಾರವಿಡೀ ಚೂರುಚೂರು ಮಿಠಾಯಿ ಕೊಡುವ ಬದಲು ಶನಿವಾರ ಒಂದೇ ದಿನ ಕೊಡುವ ರೂಢಿ ಬೆಳೆಯಿತು. ಅಲ್ಲಿಯವರು ಮಿಠಾಯಿಯನ್ನು ನಿಷೇಧಿಸಲಿಲ್ಲ, ಅದಕ್ಕೊಂದು ದಿನ ಗೊತ್ತುಮಾಡಿದರು.

ಈ ಕಣ್ಣಿನಿಂದ ನಮ್ಮ ಪೇಟೆಗಳ ಮಗುವೊಂದರ ಶಾಲಾ ದಿನವನ್ನು ನೋಡಿ. ಎದ್ದ ಕೂಡಲೇ ಮಾಲ್ಟ್ ಪುಡಿ, ಸಕ್ಕರೆ ಕಲಸಿದ ಹಾಲು. ತಿಂಡಿಗೆ ಹೊತ್ತಾಯಿತೆಂದು ಶಾಲೆಯ ವ್ಯಾನಿನಲ್ಲಿ ನಾಲ್ಕು ಬಿಸ್ಕತ್ತು. ಹನ್ನೊಂದರ ಇಂಟರ್‌ವಲ್‌ಗೆ ಸ್ನ್ಯಾಕ್ಸ್ ಡಬ್ಬಿಯಲ್ಲಿ ಕ್ರೀಮ್ ಬಿಸ್ಕತ್ತೋ ಕೇಕೋ. ಮಧ್ಯಾಹ್ನ ಊಟ. ತರಗತಿಯಲ್ಲಿ ಯಾರದೋ ಹುಟ್ಟುಹಬ್ಬದ ಚಾಕೊಲೇಟ್. ಶಾಲೆ ಬಿಟ್ಟೊಡನೆ ಗೇಟಿನ ಎದುರಿನ ಪೆಟ್ಟಿಗೆ ಅಂಗಡಿಯ ಜೆಲ್ಲಿ, ಲಾಲಿಪಾಪ್. ಟ್ಯೂಷನ್‌ಗೆ ಹೊರಡುವ ಮುಂಚೆ ಚಹಾದಲ್ಲಿ ಅದ್ದಿದ ಬ್ರೆಡ್ಡು ಅಥವಾ ರಸ್ಕು. ಮಲಗುವ ಮುನ್ನ ಮತ್ತೊಂದು ಲೋಟ ಸಿಹಿ ಹಾಲು. ಒಂದೊಂದನ್ನೇ ತೆಗೆದುಕೊಂಡರೆ ಯಾವುದೂ ಅತಿಯಲ್ಲ. ಎಲ್ಲ ಸೇರಿದರೆ ಎಂಟು ಸಲ ಆಮ್ಲದ ಹೊಡೆತ; ಒಂದರ ಪರಿಣಾಮ ಇಳಿಯುವಷ್ಟರಲ್ಲಿ ಇನ್ನೊಂದು ಹಾಜರು. ಬಿಸ್ಕತ್ತು ಮತ್ತು ಪೊಟ್ಟಣದ ಚಿಪ್ಸ್ ದವಡೆ ಹಲ್ಲಿನ ಚಡಿಗಳಲ್ಲಿ ಮೆತ್ತಿಕೊಂಡು ಬಹಳ ಹೊತ್ತು ಉಳಿಯುವುದರಿಂದ ಅವುಗಳ ಹಾನಿ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು. ಬೆಲ್ಲ ಸಕ್ಕರೆಗಿಂತ ಒಳ್ಳೆಯದೆಂಬ ನಂಬಿಕೆ ಇಲ್ಲಿ ನೆರವಿಗೆ ಬರುವುದಿಲ್ಲ. ಹಲ್ಲಿಗೆ ಅಂಟಿದ ಚಿಕ್ಕಿಯ ಬೆಲ್ಲವನ್ನು ಬ್ಯಾಕ್ಟೀರಿಯಾ ಸಕ್ಕರೆಯ ಹಾಗೆಯೇ ಬಳಸಿಕೊಳ್ಳುತ್ತದೆ. ಸರ್ಕಾರಿ ಶಾಲೆಯ ಬಿಸಿಯೂಟದ ಜೊತೆ ಕೊಡುವ ಮೊಟ್ಟೆ, ಬಾಳೆಹಣ್ಣುಗಳಿಂದ ಇಂಥ ಭಯವಿಲ್ಲ. ಮೊಟ್ಟೆಯಲ್ಲಿ ಸಕ್ಕರೆಯೇ ಇಲ್ಲ. ಬಾಳೆಹಣ್ಣನ್ನು ಊಟದೊಡನೆ ತಿಂದರೆ ಅದು ಇನ್ನೊಂದು ಸಲದ ಲೆಕ್ಕವಾಗುವುದಿಲ್ಲ, ಜೊತೆಗೆ ಊಟದ ಹೊತ್ತಿನಲ್ಲಿ ಜೊಲ್ಲೂ ಚೆನ್ನಾಗಿ ಸುರಿಯುತ್ತದೆ. ಸ್ನ್ಯಾಕ್ಸ್ ಡಬ್ಬಿಗೆ ಹುರಿಗಡಲೆ, ಬೇಯಿಸಿದ ಕಡಲೆಕಾಯಿ, ಸೌತೆಕಾಯಿ, ಸೀಬೆಹಣ್ಣು, ಉಸಲಿ ಹಾಕುವುದಕ್ಕೆ ಕ್ರೀಮ್ ಬಿಸ್ಕತ್ತಿಗಿಂತ ಹೆಚ್ಚು ಖರ್ಚಾಗುವುದೂ ಇಲ್ಲ.

‘ಮಕ್ಕಳಿಗೆ ಇದೊಂದು ಸಂತೋಷವನ್ನೂ ಕಿತ್ತುಕೊಳ್ಳಬೇಕೆ?’ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಕಿತ್ತುಕೊಳ್ಳಬೇಕಾಗಿಲ್ಲ. ಯುಗಾದಿಯ ಹೋಳಿಗೆ, ಚೌತಿಯ ಕಡುಬು ಊಟದ ಎಲೆಯ ಮೇಲೆ ಬರುವಂಥವು. ಹೊಟ್ಟೆ ತುಂಬ ತಿಂದರೂ ಹಲ್ಲಿನ ಲೆಕ್ಕದಲ್ಲಿ ಅದು ಒಂದೇ ಸಲ. ನಮ್ಮ ಹಳೆಯ ಪದ್ಧತಿಯಲ್ಲಿ ಸಿಹಿಗೆ ಹಬ್ಬವೆಂಬ ಗಡಿಯೂ ಎಲೆಯೆಂಬ ಗಡಿಯೂ ಇದ್ದವು. ಜೇಬಿಗೆ ಬಂದ ಚಾಕೊಲೇಟು ಆ ಎರಡೂ ಗಡಿಗಳನ್ನು ದಾಟಿತು. ಹುಟ್ಟುಹಬ್ಬದ ಚಾಕೊಲೇಟನ್ನೇ ನೋಡಿ: ನಲವತ್ತು ಮಕ್ಕಳಿರುವ ತರಗತಿಯಲ್ಲಿ ಪ್ರತಿಯೊಬ್ಬರೂ ಹಂಚಿದರೆ ಹತ್ತು ತಿಂಗಳ ಶಾಲಾ ವರ್ಷದಲ್ಲಿ ಸರಾಸರಿ ವಾರಕ್ಕೊಂದು ಬರುತ್ತದೆ. ಅದರ ಬದಲು ತರಗತಿಯ ಕಪಾಟಿಗೆ ಒಂದು ಕಥೆಪುಸ್ತಕ ಕೊಡುವ ಪದ್ಧತಿಯನ್ನು ಶಾಲೆ ತಂದರೆ ಮಗುವಿನ ಸಂಭ್ರಮಕ್ಕೇನೂ ಕೊರತೆಯಾಗದು. ಪೆಟ್ಟಿಗೆ ಅಂಗಡಿಯ ಸಮಸ್ಯೆಗೆ ಕಾನೂನಿನ ಆಸರೆಯೂ ಇದೆ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ಪದಾರ್ಥಗಳನ್ನು ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ನಿಯಮವಿದೆ ಎಂಬುದೇ ಬಹುತೇಕ ಪೋಷಕರಿಗೆ ಗೊತ್ತಿಲ್ಲದ ಕಾರಣ ಅದನ್ನು ಕೇಳುವವರಿಲ್ಲ.

ಇನ್ನೊಂದು ಆಕ್ಷೇಪ ಹಳೆಯದು: ‘ಹೇಗೂ ಬಿದ್ದುಹೋಗುವ ಹಾಲುಹಲ್ಲಿಗೆ ಇಷ್ಟು ತಲೆಬಿಸಿ ಯಾಕೆ?’ ಮುಂದಿನ ಹಾಲುಹಲ್ಲುಗಳು ಆರೇಳು ವರ್ಷಕ್ಕೆ ಬೀಳತೊಡಗುತ್ತವೆ, ನಿಜ. ಆದರೆ ಅಗಿಯುವ ಹಾಲುದವಡೆ ಹಲ್ಲುಗಳು ಹತ್ತು–ಹನ್ನೆರಡು ವರ್ಷದವರೆಗೂ ಇರಬೇಕಾದವು. ಹುಳುಕಾಗಿ ಬೇಗನೆ ಕೀಳಿಸಿದರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ. ಕೆಳಗಿನಿಂದ ಬರುವ ಶಾಶ್ವತ ಹಲ್ಲಿಗೆ ಸ್ಥಳವಿಲ್ಲದೆ ಸಾಲು ವಕ್ರವಾಗುತ್ತದೆ. ಬೇರಿನ ಬುಡದ ಕೀವು ಒಳಗೆ ಬೆಳೆಯುತ್ತಿರುವ ಹಲ್ಲಿನ ಮೊಳಕೆಗೂ ಹಾನಿ ಮಾಡಬಲ್ಲದು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮಗು ಒಂದನೇ ತರಗತಿಗೆ ಕಾಲಿಡುವ ಆರನೆಯ ವಯಸ್ಸಿನ ಹೊತ್ತಿಗೆ, ಹಾಲುಹಲ್ಲುಗಳ ಸಾಲಿನ ಹಿಂದೆ, ಮೇಲೆ ಎರಡು ಕೆಳಗೆ ಎರಡು, ಹೊಸ ದವಡೆ ಹಲ್ಲುಗಳು ಮೂಡುತ್ತವೆ. ಯಾವ ಹಲ್ಲೂ ಬೀಳದೆ ಇವು ಬರುವುದರಿಂದ ತಂದೆತಾಯಿ ಇವನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಆದರೆ ಇವು ಬಾಳಿನುದ್ದಕ್ಕೂ ಉಳಿಯಬೇಕಾದ ಹಲ್ಲುಗಳು. ಪೂರ್ತಿ ಮೇಲೆ ಬರಲು ತಿಂಗಳುಗಟ್ಟಲೆ ಹಿಡಿಯುವುದರಿಂದ ಅಷ್ಟು ಕಾಲ ಬ್ರಷ್ ಇವುಗಳಿಗೆ ಸರಿಯಾಗಿ ತಾಗುವುದಿಲ್ಲ. ಚಡಿಗಳು ಆಳ, ಎನಾಮೆಲ್ ಇನ್ನೂ ಎಳತು. ಪಕ್ಕದ ಹಾಲುಹಲ್ಲು ಹುಳುಕಾಗಿದ್ದರೆ ಇವಕ್ಕೂ ತಗಲುವ ಸಂಭವ ಹೆಚ್ಚು. ಬಿಸ್ಕತ್ತಿನ ಡಬ್ಬಿ, ಅಂಗಡಿಯ ಪರಿಚಯ, ಬಾಳಿಗೆಲ್ಲ ಬೇಕಾದ ಹಲ್ಲು ಮೂರೂ ಒಂದೇ ವರ್ಷ ಜೊತೆಯಾಗುತ್ತವೆ. ಹನ್ನೆರಡರ ಸುಮಾರಿಗೆ ಎರಡನೆಯ ದವಡೆ ಹಲ್ಲು ಬರುವಾಗಲೂ ಇದೇ ಎಚ್ಚರ ಬೇಕು.

ಸಲಗಳನ್ನು ಕಡಿಮೆ ಮಾಡಿದರೆ ಅರ್ಧ ಕೆಲಸ ಆಯಿತು, ಉಳಿದರ್ಧ ರಾತ್ರಿಯದು. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ತೀರಾ ಕಡಿಮೆಯಾಗುವುದರಿಂದ, ಮಲಗುವಾಗ ಹಲ್ಲಿಗೆ ಅಂಟಿದ್ದ ಸಿಹಿ ಬೆಳಗಿನವರೆಗೂ ತನ್ನ ಕೆಲಸ ಮಾಡುತ್ತದೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವುದು ನಮ್ಮಲ್ಲಿ ಸ್ನಾನದಷ್ಟೇ ಗಟ್ಟಿಯಾದ ನಿತ್ಯಕರ್ಮ. ರಾತ್ರಿಯದಕ್ಕೆ ಆ ಸ್ಥಾನ ಇನ್ನೂ ಸಿಕ್ಕಿಲ್ಲ. ಹಲ್ಲಿನ ದೃಷ್ಟಿಯಿಂದ ನೋಡಿದರೆ ಬಿಡಲೇಬಾರದ್ದು ರಾತ್ರಿಯ ಉಜ್ಜುವಿಕೆ. ಹಾಲು ಕುಡಿಯುವುದಿದ್ದರೆ ಅದಕ್ಕೆ ಮೊದಲೇ ಕುಡಿಯಲಿ, ಆಮೇಲೆ ನೀರಷ್ಟೇ. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಒಳಬದಿಯನ್ನೂ ಹಿಂಭಾಗವನ್ನೂ ತಲುಪುವ ಹಿಡಿತ ಇರುವುದಿಲ್ಲ. ಆದ್ದರಿಂದ ‘ಹೋಗಿ ಉಜ್ಜಿಕೋ’ ಎಂದರೆ ಸಾಲದು, ದೊಡ್ಡವರೇ ಉಜ್ಜಬೇಕು. ಮೂರು ವರ್ಷದ ಒಳಗಿನವರಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಕಾಳಿನಷ್ಟು ಫ್ಲೋರೈಡ್ ಪೇಸ್ಟು ಸಾಕು. ಜಾಹೀರಾತಿನಲ್ಲಿ ಕಾಣುವ ಹಾಗೆ ಬ್ರಷ್ ತುಂಬ ಹಾಕುವ ಅಗತ್ಯವಿಲ್ಲ. ಉಜ್ಜಿದ ಮೇಲೆ ನೊರೆ ಉಗಿಯಲಿ, ಆದರೆ ಚೊಂಬುಗಟ್ಟಲೆ ನೀರು ಹಾಕಿ ಮುಕ್ಕಳಿಸದಿರಲಿ. ಹಲ್ಲಿನ ಮೇಲೆ ಉಳಿದ ಅಷ್ಟಿಷ್ಟು ಫ್ಲೋರೈಡೇ ರಾತ್ರಿಯ ಕಾವಲು. ಪರೀಕ್ಷೆಯ ತಿಂಗಳಲ್ಲಿ ರಾತ್ರಿಯ ಉಜ್ಜುವಿಕೆ ತಪ್ಪುವುದು ಹೆಚ್ಚು: ತಡರಾತ್ರಿಯ ಓದು, ನಿದ್ದೆ ತಡೆಯಲು ಕಾಫಿ, ಜೊತೆಗೆ ಬಿಸ್ಕತ್ತು, ಹಾಗೆಯೇ ಪುಸ್ತಕದ ಮೇಲೆ ನಿದ್ದೆ.

‘ನಮ್ಮ ಅಜ್ಜಂದಿರು ಇದ್ದಿಲು, ಉಪ್ಪು, ಬೇವಿನ ಕಡ್ಡಿಯಲ್ಲೇ ಉಜ್ಜಿ ಎಪ್ಪತ್ತರಲ್ಲೂ ಕಬ್ಬು ಸಿಗಿಯುತ್ತಿದ್ದರಲ್ಲ?’ ಎನ್ನುವವರಿದ್ದಾರೆ. ಗಟ್ಟಿ ಹಲ್ಲಿನವರನ್ನು ನಾವು ನೆನಪಿಟ್ಟುಕೊಳ್ಳುತ್ತೇವೆ. ಐವತ್ತಕ್ಕೇ ಬೊಚ್ಚುಬಾಯಿಯಾದವರನ್ನು ಮರೆಯುತ್ತೇವೆ. ಅಷ್ಟಾದರೂ ಆ ಮಾತಿನಲ್ಲಿ ಒಂದು ಸತ್ಯವಿದೆ, ಅದು ಇದ್ದಿಲಿನದಲ್ಲ, ಅಂದಿನ ಆಹಾರದ್ದು. ಆ ಕಾಲದಲ್ಲಿ ದಿನಕ್ಕೆ ಏಳೆಂಟು ಸಲ ಸಿಹಿ ತಿನ್ನುವವರು ಅಪರೂಪ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾರ್ವೆ, ಜಪಾನ್‌ನಂಥ ದೇಶಗಳಲ್ಲಿ ಸಕ್ಕರೆ ಸಿಗದಂತಾದಾಗ ಮಕ್ಕಳ ಹಲ್ಲು ಹುಳುಕಾಗುವುದೂ ಇಳಿಯಿತು, ಸಕ್ಕರೆ ಮರಳಿದ ಮೇಲೆ ಮತ್ತೆ ಏರಿತು. ಅಜ್ಜನ ಕಡ್ಡಿಯನ್ನು ಮಾತ್ರ ಉಳಿಸಿಕೊಂಡು ಅಜ್ಜನ ತಟ್ಟೆಯನ್ನು ಬಿಟ್ಟರೆ ಲೆಕ್ಕ ಕೂಡುವುದಿಲ್ಲ. ‘ನಮ್ಮ ವಂಶದಲ್ಲೇ ಹಲ್ಲು ಮೆತ್ತಗೆ’ ಎಂಬ ಸಮಾಧಾನಕ್ಕೂ ಉತ್ತರವಿದೆ. ಆಸ್ಟ್ರೇಲಿಯದ ಹೋಪ್‌ವುಡ್ ಹೌಸ್ ಎಂಬ ಮಕ್ಕಳ ನಿಲಯದಲ್ಲಿ 1940ರ ದಶಕದಿಂದ ಬೇರೆ ಬೇರೆ ಕುಟುಂಬಗಳ ಮಕ್ಕಳನ್ನು ಸಕ್ಕರೆ, ಮೈದಾ ತೀರಾ ಕಡಿಮೆಯಿದ್ದ ಸಸ್ಯಾಹಾರದಲ್ಲಿ ಬೆಳೆಸಿದರು. ಬಾಯಿಯ ಸ್ವಚ್ಛತೆ ಅಷ್ಟೇನೂ ಚೆನ್ನಾಗಿಲ್ಲದಿದ್ದರೂ ಅವರ ಹುಳುಕು ಹಲ್ಲುಗಳು ಅಲ್ಲಿನ ಇತರ ಶಾಲಾಮಕ್ಕಳದಕ್ಕಿಂತ ಬಹಳ ಕಡಿಮೆ. ಹದಿಹರೆಯದಲ್ಲಿ ನಿಲಯ ಬಿಟ್ಟು ಹೊರಗಿನ ಆಹಾರಕ್ಕೆ ಹೊಂದಿಕೊಂಡ ಮೇಲೆ ಅದೇ ಮಕ್ಕಳ ಹಲ್ಲು ಎಲ್ಲರಂತೆ ಹುಳುಕಾಗತೊಡಗಿತು. ವಂಶದ ಪಾತ್ರ ಇಲ್ಲವೆಂದಲ್ಲ, ಆದರೆ ವಂಶ ಬದಲಾಗದೆಯೂ ಫಲ ಬದಲಾಯಿತು.

ಫ್ಲೋರೈಡ್ ಎಂದೊಡನೆ ಕರ್ನಾಟಕದಲ್ಲಿ ಹಲವರು ಬೆಚ್ಚುವುದು ಸಹಜ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು, ಕೊಪ್ಪಳ, ಮುಂಡರಗಿ ಕಡೆಯ ಕೊಳವೆಬಾವಿಗಳ ನೀರು ಹಲ್ಲಿನ ಮೇಲೆ ಕಂದು ಕಲೆ ಮೂಡಿಸಿದ್ದನ್ನೂ ಮೂಳೆ ಬಾಗಿಸಿದ್ದನ್ನೂ ಕಂಡವರು ಅವರು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದಾಗ, ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಸುಮಾರು ಎಂಟು ವರ್ಷದ ಒಳಗಿನ ಪ್ರಾಯದಲ್ಲಿ, ಈ ಕಲೆ ಉಂಟಾಗುತ್ತದೆ. ಅಂದರೆ ತೊಂದರೆ ಹೊಟ್ಟೆಗೆ ಹೋದದ್ದರಿಂದ. ಪೇಸ್ಟಿನ ಉಪಯೋಗವಾದರೋ ಹಲ್ಲಿನ ಮೇಲೆ ತಾಗಿದ್ದರಿಂದ. ಫ್ಲೋರೈಡ್ ಸೇರಿದ ಎನಾಮೆಲ್ ಕರಗಲು ಇನ್ನೂ ತೀಕ್ಷ್ಣವಾದ ಆಮ್ಲ ಬೇಕು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೋರೈಡ್ ಪೇಸ್ಟನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ. ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಮೊದಲು ಸರಿಪಡಿಸಬೇಕಾದ್ದು ನೀರು. ಅಲ್ಲಿನ ಪುಟ್ಟ ಮಕ್ಕಳಿಗೆ ಯಾವ ಪೇಸ್ಟು ಎಂಬುದನ್ನು ದಂತವೈದ್ಯರನ್ನು ಕೇಳಿ ನಿರ್ಧರಿಸಬೇಕು. ಉಳಿದೆಡೆ ಅಳತೆ ತಪ್ಪದೆ ಬಳಸಿ, ನುಂಗದಂತೆ ನೋಡಿಕೊಂಡರೆ ಹೆದರಬೇಕಾಗಿಲ್ಲ.

ಮನೆಯಷ್ಟೇ ಹೊಣೆ ಶಾಲೆಗೂ ಇದೆ ಎಂದರೆ ಶಿಕ್ಷಕರು ನಿಟ್ಟುಸಿರು ಬಿಟ್ಟಾರು. ಪಾಠದ ಜೊತೆಗೆ ಬಿಸಿಯೂಟ, ಹಾಲು, ಗಣತಿ, ದಾಖಲೆ ಎಲ್ಲ ಅವರ ಹೆಗಲಿಗೇ ಬಿದ್ದಿವೆ; ಈ ದೂರು ನ್ಯಾಯವಾದದ್ದೇ. ಆದರೂ ಹೊರಗಿನ ಅನುಭವ ಗಮನಿಸಬೇಕು. ಸ್ಕಾಟ್‌ಲೆಂಡಿನ ಶಿಶುವಿಹಾರಗಳಲ್ಲಿ ದೊಡ್ಡವರ ಕಣ್ಣೆದುರಿಗೆ ಮಕ್ಕಳು ದಿನಾ ಹಲ್ಲುಜ್ಜುವ ಏರ್ಪಾಡು ಮಾಡಿದರು. ಫ್ಲೋರೈಡ್ ಲೇಪನದಂಥ ಕ್ರಮಗಳೂ ಕೂಡಿಕೊಂಡು, ಶಾಲೆಯ ಮೊದಲ ತರಗತಿಯಲ್ಲಿ ಹುಳುಕಿಲ್ಲದ ಮಕ್ಕಳ ಪ್ರಮಾಣ 2003ರಲ್ಲಿ ಶೇ. 45ರ ಆಸುಪಾಸಿನಲ್ಲಿದ್ದದ್ದು 2018ರ ಹೊತ್ತಿಗೆ ಶೇ. 70 ದಾಟಿತು. ಅದು ಸಿರಿವಂತ ದೇಶ ಎನ್ನಬಹುದು. ಫಿಲಿಪ್ಪೀನ್ಸ್ ಸಿರಿವಂತ ದೇಶವಲ್ಲ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕೈತೊಳೆಯುವುದು, ಫ್ಲೋರೈಡ್ ಪೇಸ್ಟಿನಲ್ಲಿ ಹಲ್ಲುಜ್ಜುವುದು, ವರ್ಷಕ್ಕೆರಡು ಸಲ ಜಂತುಹುಳುವಿನ ಮಾತ್ರೆ ಮೂರನ್ನೂ ಒಟ್ಟಿಗೆ ಕಟ್ಟಿ ಒಂದೇ ಕಾರ್ಯಕ್ರಮ ಮಾಡಿದರು. ನಮ್ಮ ಬಿಸಿಯೂಟದ ನಲ್ಲಿಯ ಸಾಲಿನಲ್ಲಿ ಊಟದ ನಂತರ ಎಲ್ಲರೂ ನೀರಿನಿಂದ ಬಾಯಿ ಮುಕ್ಕಳಿಸುವಂತೆ ಮಾಡಿದರೂ ಒಂದು ಆರಂಭವಾಗುತ್ತದೆ. ಅದಕ್ಕೆ ಬೇಕಾಗುವುದು ಐದು ನಿಮಿಷ ಮತ್ತು ನೀರು.

ಇನ್ನು ದುಡ್ಡಿನ ಮಾತು. ದಂತ ಚಿಕಿತ್ಸೆ ದುಬಾರಿ ಎಂಬುದು ನಿಜ. ಅದು ದುಬಾರಿಯಾಗುವುದು ಬಹುಮಟ್ಟಿಗೆ ತಡಮಾಡಿದ್ದರಿಂದ. ಸಣ್ಣ ತೂತನ್ನು ತುಂಬಿಸುವ ಖರ್ಚಿಗೂ ಬೇರಿನ ಚಿಕಿತ್ಸೆಯ ಖರ್ಚಿಗೂ ಹೋಲಿಕೆಯೇ ಇಲ್ಲ. ಹೊಸ ದವಡೆ ಹಲ್ಲಿನ ಚಡಿಗಳನ್ನು ಮುಚ್ಚುವ ಸೀಲೆಂಟ್ ಎಂಬ ಲೇಪಕ್ಕೆ ಕೊರೆಯುವ ಗೊಡವೆಯಿಲ್ಲ, ನೋವಿಲ್ಲ. ಹುಳುಕು ಮುಂದುವರಿಯದಂತೆ ತಡೆಯುವ ಬೆಳ್ಳಿ–ಫ್ಲೋರೈಡ್ ದ್ರಾವಣವನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅತ್ಯಗತ್ಯ ಪಟ್ಟಿಗೆ ಸೇರಿಸಿದೆ; ಹುಳುಕಿನ ಜಾಗ ಕಪ್ಪಾಗುತ್ತದೆ ಎಂಬುದು ಅದರ ಮುಖ್ಯ ಕೊರತೆ. ದಂತ ವೈದ್ಯ ಕಾಲೇಜುಗಳು ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕ ಒಂದು. ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ ಖರ್ಚಿನಲ್ಲಿ ಅಲ್ಲಿ ಚಿಕಿತ್ಸೆ ಸಿಗುವುದುಂಟು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕು. ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲೂ ಇದೆ. ತಪಾಸಣೆಗೆ ಬಂದ ತಂಡ ‘ದಂತವೈದ್ಯರಿಗೆ ತೋರಿಸಿ’ ಎಂದು ಬರೆದುಕೊಟ್ಟ ಚೀಟಿ ಬ್ಯಾಗಿನ ತಳ ಸೇರಿದರೆ ತಪಾಸಣೆ ಮಾಡಿಯೂ ಫಲವಿಲ್ಲ. ನಮ್ಮ ಶಾಲಾ ವರ್ಷದಲ್ಲಿ ದಸರಾ ರಜೆ, ಬೇಸಿಗೆ ರಜೆ ಎರಡೂ ಸುಮಾರು ಆರು ತಿಂಗಳ ಅಂತರದಲ್ಲಿ ಬರುತ್ತವೆ. ನೋವಿರಲಿ ಬಿಡಲಿ, ಎರಡೂ ರಜೆಯ ಮೊದಲ ವಾರದಲ್ಲಿ ಒಮ್ಮೆ ಹಲ್ಲು ತೋರಿಸುವುದೆಂದು ಗೊತ್ತುಮಾಡಿಕೊಂಡರೆ ಒಂದು ದಿನದ ಪಾಠವೂ ತಪ್ಪುವುದಿಲ್ಲ. ರಜೆಗೆ ಕಾಯಬಾರದ ಸಂದರ್ಭವೂ ಒಂದಿದೆ. ಆಟದ ಬಯಲಿನಲ್ಲಿ ಬಿದ್ದು ಶಾಶ್ವತ ಹಲ್ಲು ಬೇರುಸಹಿತ ಕಿತ್ತು ಬಂದರೆ, ಬೇರನ್ನು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿಕೊಂಡು ಅರ್ಧ ಗಂಟೆಯೊಳಗೆ ದಂತವೈದ್ಯರಲ್ಲಿಗೆ ಓಡಬೇಕು. ಆಗ ಅದನ್ನು ಮತ್ತೆ ಕೂರಿಸುವ ಸಾಧ್ಯತೆ ಚೆನ್ನಾಗಿರುತ್ತದೆ. ಹಾಲುಹಲ್ಲಾದರೆ ಮರಳಿ ಕೂರಿಸುವುದಿಲ್ಲ.

ಇಲ್ಲಿ ಹೇಳಿದ ಯಾವುದಕ್ಕೂ ಮಗುವಿನ ಮನೋಬಲವನ್ನು ನೆಚ್ಚಿಕೊಳ್ಳಬೇಕಾಗಿಲ್ಲ. ಆರು ವರ್ಷದ ಮಗು ಡಬ್ಬಿಯಲ್ಲಿ ಇಟ್ಟದ್ದನ್ನು ತಿನ್ನುತ್ತದೆ, ಎದುರಿಗೆ ಮಾರುವುದನ್ನು ಬಯಸುತ್ತದೆ, ಮಲಗಿಸಿದ ಹೊತ್ತಿಗೆ ಮಲಗುತ್ತದೆ. ಸಿಹಿಯ ಸಲಗಳನ್ನು ನಾಲ್ಕಕ್ಕೆ ಇಳಿಸುವುದು, ರಾತ್ರಿ ಮಗುವಿನ ಪಕ್ಕ ನಿಂತು ಎರಡು ನಿಮಿಷ ಉಜ್ಜುವುದು, ರಜೆಯ ಮೊದಲ ವಾರವನ್ನು ಹಲ್ಲಿಗೆ ಮೀಸಲಿಡುವುದು ದೊಡ್ಡವರ ಕೈಯಲ್ಲಿರುವ ಕೆಲಸಗಳು. ಮನೆಯೊಂದೇ ಇದನ್ನು ಮಾಡಹೊರಟರೆ ಗೇಟಿನ ಎದುರಿನ ಅಂಗಡಿ ಅದನ್ನು ಸೋಲಿಸುತ್ತದೆ; ಶಾಲೆಯೊಂದೇ ಮಾಡಹೊರಟರೆ ರಾತ್ರಿಯ ಸಿಹಿ ಹಾಲು ಸೋಲಿಸುತ್ತದೆ. ಆದ್ದರಿಂದ ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿ ಕೈಗೆ ಬಂದ ಮೇಲೆ ಮೂರು ಪ್ರಶ್ನೆ ಕೇಳಬಹುದು: ಇಂಟರ್‌ವಲ್‌ಗೆ ಮಕ್ಕಳು ಏನು ತರಬೇಕೆಂದು ಶಾಲೆ ಹೇಳಿದೆಯೇ, ಗೇಟಿನಿಂದ 50 ಮೀಟರ್ ಒಳಗೆ ಏನು ಮಾರಾಟವಾಗುತ್ತಿದೆ, ಈ ವರ್ಷದ ಆರೋಗ್ಯ ತಪಾಸಣೆಯಲ್ಲಿ ಯಾವ ಯಾವ ಮಕ್ಕಳಿಗೆ ಹಲ್ಲಿನ ಚೀಟಿ ಬರೆದುಕೊಟ್ಟಿದ್ದಾರೆ. ಉತ್ತರ ಸಿಗದಿದ್ದರೆ ಅದರ ಮುಂದಿನ ಸಭೆಯಲ್ಲೂ ಕೇಳಬೇಕು.